ಕೆಂಚಿ ಇಲ್ಲದ ಮರಿಗಳು

ನಮ್ಮ ಅತ್ತೆಮ್ಮನಿಗೆ,

ಅಳಿಯ ಕುಮಾರ ತಲೆ ತಗ್ಗಿಸ್ಕೊಂಡು ಬರೀತಿರೋದು. ತಗ್ಗಿಸದೆ ಬರೆಯೋಕೂ ಆಗಲ್ಲ ಬಿಡಿ, ಕನ್ನಡಕ ಸಿಕ್ತಿಲ್ಲ. ನಾಲ್ಕನೇ ಕ್ಲಾಸಿಗೆ ಸ್ಕೂಲ್ ಬಿಟ್ಟೋನು ನಾನು. ಗೋಡೆ ಮೇಲೆ ‘ಪೇಂಟು ಹಸಿ ಇದೆ, ಮುಟ್ಬೇಡಿ’ ಅಂತ ಬರ್ದಿದ್ದು ಬಿಟ್ರೆ ಇಷ್ಟುದ್ದ ಯಾವತ್ತೂ ಬರ್ದಿಲ್ಲ. ತಪ್ಪಿದ್ರೆ ನಗ್ಬೇಡಿ. ಅಥವಾ ನಗಿ. ನೀವು ನಕ್ಕು ಎಷ್ಟು ದಿನ ಆಯ್ತು...

ಮೊದ್ಲೇ ಹೇಳ್ಬಿಡ್ತೀನಿ. ನಿಮ್ಮ ಕೋಳಿ ಕೆಂಚಿ ಇಲ್ಲ. ಮರಿಗಳ ಸಮಾಚಾರ ಆಮೇಲೆ. ಇದ್ರಲ್ಲಿ ನಂದೊಂದು ತಪ್ಪಿದೆ, ಅದನ್ನ ಬೇರೆ ಯಾರಾದ್ರೂ ನಿಮ್ಮ ಕಿವಿಗೆ ಹಾಕೋಕೆ ಮುಂಚೆ ನಾನೇ ಹಾಕ್ಬೇಕು.

ಕೆಂಚಿನ ಕಾವಿಗೆ ಕೂರ್ಸಿದ್ ದಿನ ಜ್ಞಾಪಕ ಇದೆಯಾ? ನನ್ನ ಇಪ್ಪತ್ತು ಲೀಟ್ರು ಪೇಂಟಿನ ಡಬ್ಬ ಅಡ್ಡಡ್ಡ ಕುಯ್ಸಿ, ಟೆರೇಸಲ್ಲಿ ನೀರಿನ ಟ್ಯಾಂಕಿನ ಕೆಳಗೆ ಇಟ್ಟು, ಒಳಗೆ ಭತ್ತದ ಹೊಟ್ಟು ಹಾಕಿದ್ರಿ. ಹನ್ನೆರಡು ಮೊಟ್ಟೆ ಒಂದೊಂದಾಗಿ ಬಿಸಿಲಿಗೆ ಹಿಡಿದು ನೋಡಿ ಜೋಡಿಸಿದ್ರಿ. ಪಕ್ಕದಲ್ಲಿ ಒಂದು ಕಬ್ಬಿಣದ ಮೊಳೆ, ಒಂದು ಚೂರು ಇದ್ಲು. “ಮೊಳೆ ಯಾಕೆ ಅತ್ತೆಮ್ಮ?” ಅಂದೆ. “ಗುಡುಗಿಗೆ ಮೊಟ್ಟೆ ಕೆಡಬಾರ್ದು ಅಂತ ಕಣಪ್ಪ.” “ಹಂಗಾದ್ರೆ ನಂಗೂ ಒಂದು ಕೊಡಿ, ನಿಮ್ಮ ಮಗಳು ದಿನಾ ಗುಡುಗ್ತಾಳೆ.” ಪೊರಕೆ ಎತ್ಕೊಂಡು ಬಂದ್ರಿ ನೀವು, ಆದ್ರೆ ನಗ್ತಾನೇ ಬಂದ್ರಿ. ಆಮೇಲೆ ಕ್ಯಾಲೆಂಡರಲ್ಲಿ ಇಪ್ಪತ್ತೊಂದನೇ ದಿನಕ್ಕೆ ಕುಂಕುಮದ ಬೊಟ್ಟು ಇಟ್ರಿ. ಎಂಟು ದಿನ ಕಳೀತು. ಬೆಳಿಗ್ಗೆ ನಲ್ಲಿ ಹತ್ರ ಬಿಂದಿಗೆ ತುಂಬ್ತಾ ತುಂಬ್ತಾ ಹಂಗೇ ಕೂತ್ಬಿಟ್ರಿ. ಬಿಂದಿಗೆ ತುಂಬಿ ಚೆಲ್ತಾನೇ ಇತ್ತು.

ನಿಮ್ಮ ಹನ್ನೊಂದನೇ ದಿನದ ತಿಥಿ ಬೆಳಿಗ್ಗೆ ನಾಗ ಟೆರೇಸಿಗೆ ಬಂದ. ನಿಮ್ಮ ಮಗನ್ನ ನೀವು ಹಂಗೆ ಯಾವತ್ತೂ ನೋಡಿಲ್ಲ ಅತ್ತೆಮ್ಮ. ತಲೆ ಬೋಳಿಸಿತ್ತು, ಕಣ್ಣು ಕೆಂಪಗಿತ್ತು. ಹೆಸರಘಟ್ಟದಲ್ಲಿ ಬೆಳಿಗ್ಗೆನೇ ಹಸು ಹಾಲು ಕರೆದು, ಅಲ್ಲಿಂದ ಬೈಕಲ್ಲಿ ಸೀದಾ ಬಂದಿದ್ದ. “ಭಾವ, ಅಂಗಡಿ ಕೋಳಿ ಅಮ್ಮ ಮುಟ್ತಿರ್ಲಿಲ್ಲ. ಎಡೆಗೆ ಅಮ್ಮ ಸಾಕಿರೋ ನಾಟಿ ಕೋಳೀನೇ ಆಗ್ಬೇಕು. ಯಾವ್ದು ಹಿಡೀಲಿ?” ಅಂದ. ಮೂರು ಕೋಳಿ ಇದ್ವಲ್ಲ? ಎರಡು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಅವನ್ನ ಆಟ ಆಡಿಸ್ತಿದ್ವು. ಬೋಳು ತಲೆ ಹೊತ್ಕೊಂಡು ಪಂಚೇಲಿ ಎಡವ್ತಾ ಇದ್ದ. ನನ್ನ ಬಾಯಿ ನಿಮಗೆ ಗೊತ್ತಲ್ಲ. “ಓಡೋವು ನಿನ್ ಕೈಗೆ ಸಿಗಲ್ಲ ಮಗಾ. ಅಲ್ಲಿ ಕೆಂಚಿ ಕೂತವ್ಳೆ ನೋಡು, ನಿಮ್ಮಮ್ಮನ ಥರಾನೇ ಗಂಭೀರವಾಗಿ. ಅವಳ್ನೇ ಎತ್ಕೊ, ಜಗಳ ಆಡಲ್ಲ” ಅಂದೆ. ಅಂದ್ಬಿಟ್ಟು ಬಾಳೆ ಎಲೆ ತರೋಕೆ ಕೆಳಗೆ ಇಳ್ದೆ.

ಕಾವಿಗೆ ಕೂತಿರೋ ಕೋಳಿನ ಯಾರಾದ್ರೂ ಕುಯ್ತಾರಾ ಹೇಳಿ? ಇದು ತಮಾಷೆ ಅಂತ ಗೊತ್ತಾಗಲ್ವಾ? ನಾನು ಅನ್ಕೊಂಡೆ, ನಾಗ ನಗ್ತಾನೆ, ‘ಹೋಗಿ ಭಾವ’ ಅಂತಾನೆ. ಅವನು ನಕ್ಕಿದ್ದು ನಾನು ನೋಡೇ ಇಲ್ಲ. ನೋಡೋಕೆ ನಿಂತ್ಕೊಳ್ಳೇ ಇಲ್ಲ.

ಒಂಬತ್ತು ಗಂಟೆಗೆ ಬಚ್ಚಲು ಮೋರಿ ಹತ್ರ ಕೆಂಪು ಪುಕ್ಕ ಕಾಣಿಸ್ತು. ಒಲೆ ಮೇಲೆ ಸಾರು ಕುದೀತಿತ್ತು. ಆಗಲಾದ್ರೂ ನಿಮ್ಮ ಮಗಳು ಮಂಜು ಹತ್ರ ಹೋಗಿ ಹೇಳ್ಬೇಕಿತ್ತಲ್ವಾ? ಹೇಳ್ಲಿಲ್ಲ. ಮನೆ ತುಂಬ ಜನ, ಅವಳು ನಿಮ್ಮ ಫೋಟೋಗೆ ಹೂ ಹಾಕ್ತಾ ಇದ್ಲು. ಕಳ್ಳನ ಥರ ಟೆರೇಸಿಗೆ ಹೋಗಿ ಹನ್ನೆರಡು ಮೊಟ್ಟೆ ಮೇಲೆ ಗೋಣಿಚೀಲ ಮುಚ್ಚಿ ಬಂದೆ. ಜನ ಹೋದ್ಮೇಲೆ ಏನಾದ್ರೂ ಮಾಡೋಣ ಅಂತ. ಊಟಕ್ಕೂ ಕೂತೆ. ಆ ಸಾರು ತಿಂದೆ ಅತ್ತೆಮ್ಮ. ತಿನ್ನದೆ ಇದ್ರೆ ಯಾರಾದ್ರೂ ಯಾಕೆ ಅಂತ ಕೇಳ್ತಾರಲ್ಲ, ಅದಕ್ಕೆ ತಿಂದೆ.

ಗಡಿಬಿಡೀಲಿ ಮೊದ್ಲೇ ಇಡೋದು ಮರೆತಿದ್ರು ಅಂತ, ಕಾಗೆಗೆ ಎಡೆ ಇಡೋಕೆ ಎಲೆ ಹಿಡ್ಕೊಂಡು ಮಂಜು ಮೇಲೆ ಹೋದ್ಲು. ಅದು ನನ್ನ ತಲೆಗೆ ಬಂದಿರ್ಲೇ ಇಲ್ಲ ನೋಡಿ. ಕಾಗೆಗೆ ಟೆರೇಸಲ್ಲೇ ತಾನೇ ಇಡೋದು? ಹೋದೋಳು ಎಷ್ಟು ಹೊತ್ತಾದ್ರೂ ಬರ್ಲಿಲ್ಲ. ಬಂದಾಗ ಕೈಯಲ್ಲಿ ಎಲೆ ಇಲ್ಲ, ಸೆರಗಲ್ಲಿ ಮೊಟ್ಟೆ. “ಕೆಂಚಿ ಎಲ್ಲಿ?” ಅಂದ್ಲು. “ಇನ್ನು ಮೂರೇ ದಿನ ಇತ್ತು. ಅಮ್ಮ ಬೊಟ್ಟು ಇಟ್ಟು ಹೋಗಿದ್ಲು. ಯಾರು ಹಿಡಿದಿದ್ದು?” ನಾಗ ನನ್ನ ಕಡೆ ನೋಡ್ದ. ನಾನು ಎಲೆ ಮೇಲಿನ ಉಪ್ಪು ಸರಿ ಮಾಡ್ಕೊಂಡೆ. ಅಷ್ಟೇ ಹೊತ್ತು. ಅಷ್ಟರಲ್ಲಿ ಅವನು, “ನಾನೇ ಅಕ್ಕ” ಅಂದ್ಬಿಟ್ಟ.

“ಹೆತ್ತ ತಾಯಿ ತಿಥಿಗೆ ಕಾವಿನ ಕೋಳಿ ಕುಯ್ದೆಯಲ್ಲೋ! ಇನ್ಮೇಲೆ ನನ್ನ ಮನೆ ಮೆಟ್ಲು ಹತ್ಬೇಡ” ಅಂದ್ಲು. ನಿಮ್ಮ ಭಾವ, ನಮ್ಮ ದೊಡ್ಡಮಾವ, ಗೋಡೆಗೆ ಒರಗಿ ಕೂತಿದ್ದೋರು ತಲೆ ಅಲ್ಲಾಡಿಸಿ, “ಹಸು ನೋಡ್ಕೊಳ್ಳೋನಿಗೆ ಕೋಳಿ ತಿಳೀಲಿಲ್ವಾ? ಪಾಪ ಕಟ್ಕೊಂಡೆ” ಅಂದ್ರು. ನಾಗ ಎಲೆ ಮಡಚಿ ಎದ್ದ. ಒಂದು ತುತ್ತೂ ತಿಂದಿರ್ಲಿಲ್ಲ. ಅವತ್ತು ಕಾಗೇನೂ ಬರ್ಲಿಲ್ಲ. ನೀವು ಬರ್ಲಿಲ್ಲ. ಯಾಕ್ ಬರ್ತೀರಾ?

ಮಂಜು ಅಳ್ತಾ ಕೂರ್ಲಿಲ್ಲ ಅತ್ತೆಮ್ಮ, ಅದೇ ನಂಗೆ ಭಯ ಆಗಿದ್ದು. ಮೊಟ್ಟೆ ಒಂದೊಂದಾಗಿ ಕಣ್ರೆಪ್ಪೆಗೆ ತಾಗಿಸಿ ನೋಡಿದ್ಲು, ನೀವು ನೋಡ್ತಿದ್ರಲ್ಲ, ಹಂಗೇ. “ಇನ್ನೂ ಪೂರ್ತಿ ತಣ್ಣಗಾಗಿಲ್ಲ. ಯಾರೋ ಗೋಣಿಚೀಲ ಮುಚ್ಚಿದ್ರು” ಅಂದ್ಲು. ಉಳಿದ ಎರಡು ಕೋಳಿ ಹಿಡ್ಕೊಂಡು ಬಂದು ಮೊಟ್ಟೆ ಮೇಲೆ ಕೂರಿಸೋಕೆ ನೋಡಿದ್ವಿ. ಒಂದು ನನ್ನ ಕೈ ಕುಕ್ಕಿ ಓಡ್ತು, ಇನ್ನೊಂದು ಕುಕ್ಕದೇನೇ ಓಡ್ತು. ಆಮೇಲೆ ರಟ್ಟಿನ ಪೆಟ್ಟಿಗೆಗೆ ಹೊಟ್ಟು ತುಂಬಿ, ಮೇಲೆ ಬಲ್ಬು ಇಳಿಬಿಟ್ಟೆ. ಬೆಳಕು ಬಂತು, ಬಿಸಿ ಬರ್ಲೇ ಇಲ್ಲ. ಈಗಿನ ಎಲ್‌ಇಡಿ ಬಲ್ಬು ನೋಡಿ, ಒಂಬತ್ತು ವ್ಯಾಟಿಂದು. “ಇದ್ರಲ್ಲಿ ಸೊಳ್ಳೆನೂ ಬೆಚ್ಚಗಾಗಲ್ಲ ಕಣ್ರೀ, ಹಳೇ ಬಲ್ಬು ತನ್ನಿ” ಅಂತ ಕೂಗಿದ್ಲು.

ಯಲಹಂಕದಲ್ಲಿ ಐದು ಎಲೆಕ್ಟ್ರಿಕ್ ಅಂಗಡಿ ಸುತ್ತಿದೆ. ತಂತಿ ಕೆಂಪಗೆ ಉರಿಯೋ ಹಳೇ ಬಲ್ಬು ಈಗ ಯಾರೂ ಇಡಲ್ವಂತೆ. ಒಬ್ಬ, “ಮ್ಯೂಸಿಯಂಗೆ ಹೋಗಿ ಗುರು” ಅಂದ. ಬೇರೆ ದಿನ ಆಗಿದ್ರೆ ನಾನೂ ಒಂದು ಮಾತು ಹೇಳಿ ಬರ್ತಿದ್ದೆ. ಅಲ್ಲಿಂದ ಓಡ್ತಾ ನಮ್ಮ ಹರೀಶನ ಬೇಕರಿ ಮುಂದೆ ಬಂದೆ, ಗಾಜಿನ ಪೆಟ್ಟಿಗೇಲಿ ಪಫ್ಸ್ ಬಿಸಿ ಇರ್ಲಿ ಅಂತ ಅದೇ ಬಲ್ಬು ಹಳದಿಯಾಗಿ ಉರೀತಾ ಇದೆ! “ಹರೀಶ, ಆ ಬಲ್ಬು ಬಿಚ್ಚು” ಅಂದೆ. “ಪಫ್ಸ್ ಬೇಕಾ, ಬಲ್ಬು ಬೇಕಾ?” “ಬಲ್ಬು. ನಮ್ಮತ್ತೆ ಮೊಟ್ಟೆ ಸಾಯ್ತಾ ಅವೆ.” ಅವನು ನನ್ನ ಮುಖ ನೋಡಿ ಇನ್ನೊಂದು ಮಾತು ಕೇಳ್ಲಿಲ್ಲ. ಬಟ್ಟೇಲಿ ಹಿಡಿದು ಬಿಚ್ಚಿ ಕೊಟ್ಟ. “ಇವತ್ತು ಜನ ತಣ್ಣಗೆ ತಿನ್ಲಿ ಬಿಡು” ಅಂದ.

ಮೂರು ದಿನ ನಾವಿಬ್ರೂ ಆ ಪೆಟ್ಟಿಗೆ ಬಿಟ್ಟು ಕದಲ್ಲಿಲ್ಲ. ಬಿಸಿ ಜಾಸ್ತಿ ಆದ್ರೆ ಬಲ್ಬು ಮೇಲೆತ್ತೋದು, ಕಮ್ಮಿ ಆದ್ರೆ ಇಳ್ಸೋದು, ಪಕ್ಕದಲ್ಲಿ ಒದ್ದೆ ಬಟ್ಟೆ. ಸಹಕಾರನಗರದಲ್ಲಿ ಒಂದು ಮನೆ ಪೇಂಟಿಂಗ್ ಅರ್ಧಕ್ಕೆ ನಿಂತಿತ್ತು. ಓನರ್ ಫೋನ್ ಮಾಡಿ “ಎಲ್ಲಿದೀರಾ ಕುಮಾರ್?” ಅಂದ್ರೆ, “ಕಾವಿಗೆ ಕೂತಿದೀನಿ ಸಾರ್” ಅಂದೆ. ಜೋಕು ಅನ್ಕೊಂಡು ನಕ್ಕು ಇಟ್ರು. ನನ್ನ ಬಾಯಿಂದ ಬಂದಿದ್ದೆಲ್ಲ ಜೋಕೇ ಆಗೋಗಿದೆ, ಏನ್ ಮಾಡೋದು?

ನೀವು ಬೊಟ್ಟು ಇಟ್ಟಿದ್ ದಿನಾನೇ, ಮಧ್ಯಾಹ್ನ, ಮೊದಲ್ನೇ ಮೊಟ್ಟೆ ಒಳಗಿಂದ ಕೀಚ್ ಅಂತು. ಮಂಜು ನನ್ನ ತೋಳು ಹಿಡ್ಕೊಂಡ ಗುರುತು ಎರಡು ದಿನ ಹೋಗ್ಲಿಲ್ಲ. ಸಂಜೆ ಹೊತ್ತಿಗೆ ಒಂಬತ್ತು ಮರಿ ಬಂದ್ವು. ಮೂರು ಮೊಟ್ಟೆ ಒಡೀಲೇ ಇಲ್ಲ. ಮಾರನೇ ದಿನಾನೂ ಕಾದು, ಆ ಮೂರನ್ನ ಕೈಯಲ್ಲಿ ಹಿಡ್ಕೊಂಡು ಅವಳು ಹೇಳಿದ್ಲು, “ಇವು ಮೂರೂ ಅವನ ತಲೆ ಮೇಲೆ.” ಅವನು ಅಂದ್ರೆ ನಾಗ. ನನ್ನ ತಲೆ ಅವಳ ಪಕ್ಕದಲ್ಲೇ ಇತ್ತು.

ತಾಯಿ ಇಲ್ದೆ ಇರೋ ಮರಿ ಸಾಕೋದು ಅಂದ್ರೆ ಏನು ಅಂತ ನಂಗೆ ಏನ್ ಗೊತ್ತಿತ್ತು? ನೀರಿಟ್ಟ ಡಬ್ಬದ ಮುಚ್ಚಳದಲ್ಲಿ ಗೋಲಿ ಕಲ್ಲು ಹಾಕ್ಬೇಕು, ಇಲ್ದಿದ್ರೆ ಅಷ್ಟು ನೀರಲ್ಲೇ ಮುಳುಗಿ ಸಾಯ್ತವೆ. ಕೆಳಗೆ ಪೇಪರ್ ಹಾಕಿದ್ರೆ ಕಾಲು ಜಾರಿ ಸೊಟ್ಟ ಆಗ್ತವೆ, ಗೋಣಿನೇ ಹಾಸ್ಬೇಕು. ಎಲ್ಲಾ ಒಂದರ ಮೇಲೊಂದು ಗುಡ್ಡೆ ಬಿದ್ರೆ ಚಳಿ ಅಂತ, ಮೂಲೆಗೆ ಹೋಗಿ ಬಾಯಿ ತಕ್ಕೊಂಡಿದ್ರೆ ಸೆಕೆ ಅಂತ. ಅಕ್ಕಿ ನುಚ್ಚು ಹಾಕಿದ್ರೆ ಸುಮ್ನೆ ನಿಂತ್ಕೊಂಡು ನೋಡ್ತಿದ್ವು. ತಿನ್ನೋದೇ ಗೊತ್ತಿಲ್ಲ! ತಾಯಿ ಕುಕ್ಕಿ ತೋರಿಸ್ಬೇಕಲ್ಲ. ಅದಕ್ಕೆ ನಾನು ಬೆರಳಲ್ಲಿ ಟಕ್ ಟಕ್ ಅಂತ ನೆಲ ಕುಟ್ತಾ, ‘ಕೊಕ್ ಕೊಕ್ ಕೊಕ್’ ಅಂತ ಕೂಗ್ತಾ ಮಂಡಿ ಊರಿ ಕೂತಿದ್ದೆ. ನಲವತ್ತೆಂಟು ವರ್ಷದ ಗಂಡಸು. ಮರಿಗಳು ಓಡಿ ಬಂದು ನನ್ನ ಬೆರಳು ಕುಟ್ಟಿದ ಕಡೇನೇ ಕುಕ್ಕಿದ್ವು. ಮಂಜು ಬಾಗ್ಲಲ್ಲಿ ನಿಂತು ನೋಡಿ, ನೀವು ಹೋದ್ಮೇಲೆ ಮೊದಲ್ನೇ ಸಲ ನಕ್ಕಳು. “ನೀವಿಲ್ದೆ ಇದ್ರೆ ಇವು ಬದುಕ್ತಾನೇ ಇರ್ಲಿಲ್ಲ ಕಣ್ರೀ” ಅಂದ್ಲು. ನಾನು ತಲೆ ಬಗ್ಗಿಸಿ ಮತ್ತೆ ನೆಲ ಕುಟ್ದೆ.

ಮೂರನೇ ದಿನ ಒಂದು ಮರಿ ರೆಕ್ಕೆ ಇಳಿಬಿಟ್ಕೊಂಡು ನಿಂತ್ಕೊಂಡ್ತು. ಹಿಂದೆ ಎಲ್ಲಾ ಹಿಕ್ಕೆ ಅಂಟ್ಕೊಂಡಿತ್ತು. ಬಿಸಿನೀರಲ್ಲಿ ಹತ್ತಿ ಅದ್ದಿ ಒರೆಸಿದ್ವಿ. ಮಧ್ಯಾಹ್ನದ ಹೊತ್ತಿಗೆ ಹೋಯ್ತು. “ತಾಯಿ ರೆಕ್ಕೆ ಕೆಳಗೆ ಇದ್ದಿದ್ರೆ ಹೋಗ್ತಿರ್ಲಿಲ್ಲ. ಇದೂ ಅವನ ತಲೆ ಮೇಲೆ” ಅಂದ್ಲು. ಅವತ್ತು ನಾಗ ನಂಗೆ ಫೋನ್ ಮಾಡಿದ್ದ, ಅವಳಿಗಲ್ಲ. “ಭಾವ, ಮರಿ ಹೆಂಗವೆ?” “ಚೆನ್ನಾಗವೆ ಕಣೋ.” “ಅಕ್ಕ?” “ಅಕ್ಕನೂ...” ಅಂದೆ. ಅವನು ಫೋನ್ ಇಟ್ಟ. ಒಂದು ಬೈಗುಳ ಬೈಬಾರ್ದಾ ಅವನು? ಬೈದಿದ್ರೆ ನಾನು ಉಳ್ಕೋತಿದ್ದೆ. ನೆಂಟರೆಲ್ಲ ಅವನ್ನ ‘ತಿಥಿಗೆ ಕಾವಿನ ಕೋಳಿ ಕುಯ್ದೋನು’ ಅಂತ ಆಡ್ಕೊಳ್ತಾವ್ರೆ ಅಂತ ನಂಗೆ ಗೊತ್ತಿತ್ತು. ದಿನಾ ಬೆಳಿಗ್ಗೆ ಇವತ್ತು ಹೇಳ್ತೀನಿ ಅನ್ಕೊಳ್ಳೋದು. ಅವಳು ಮರಿ ಮುಂದೆ ಕೂತಿರೋದು ನೋಡಿ, ನಾಳೆ ಅನ್ಕೊಳ್ಳೋದು.

ಆರನೇ ದಿನ ಮಧ್ಯಾಹ್ನ ಮೂರು ಗಂಟೆಗೆ ಪುಟ್ಟೇನಹಳ್ಳಿ ಕೆರೆ ಕಡೆಯಿಂದ ಮೋಡ ಕಪ್ಪಗೆ ಎದ್ದು ಬಂತು. ಆಲಿಕಲ್ಲು ಮಳೆ. ಕರೆಂಟು ಹೋಯ್ತು. ಬಲ್ಬು ಒಂದು ಕ್ಷಣ ಕೆಂಪಗಿದ್ದು ಆರೋಯ್ತು. ಮಂಜು ರೇಷನ್ ತರೋಕೆ ಹೋಗಿದ್ಲು. ಎಂಟೂ ಮರಿ ಗುಡ್ಡೆ ಬಿದ್ದು ಕೂಗೋಕೆ ಶುರು ಮಾಡಿದ್ವು. ಆ ಕೂಗು ನಿಮಗೆ ಹೆಂಗೆ ಹೇಳ್ಲಿ... ನೀರು ಕಾಯ್ಸಿ ಬಾಟ್ಲಿಗೆ ತುಂಬಿ, ನಿಮ್ಮ ಹಸಿರು ಸ್ವೆಟರ್ ಸುತ್ತಿ ಇಟ್ಟೆ. ಹೌದು, ನೀವು ಕಂಡಾಗಲೆಲ್ಲ ಬೈತಿದ್ರಲ್ಲ, ಅವೇ, ನಾನು ಕುಡ್ದು ಖಾಲಿ ಮಾಡಿದ್ದ ಬಾಟ್ಲಿಗಳು. ಕೆಳಗೆ ಸಿಕ್ಕಿದ್ ಒಂದು ಮರಿ ಮೆತ್ತಗಾಗಿತ್ತು. ತೆಗೆದು ಬನಿಯನ್ ಒಳಗೆ ಹೊಟ್ಟೆಗೆ ಒತ್ಕೊಂಡೆ. ಐಸ್ ಥರ ಇತ್ತು.

ಮಂಜು ಪೂರ್ತಿ ನೆನೆದು ಬಂದ್ಲು. ಅಕ್ಕಿ ಚೀಲ ಅಲ್ಲೇ ಬಿಟ್ಲು. ನನ್ನ ಬನಿಯನ್ ಒಳಗೆ ಕೈ ಹಾಕಿ ಮರಿ ಮುಟ್ಟಿ ನೋಡಿದ್ಲು. ನಿಧಾನಕ್ಕೆ ಹೇಳಿದ್ಲು, “ಇದೊಂದು ಹೋದ್ರೆ ಈ ಜನ್ಮದಲ್ಲಿ ನಾಗನ ಮುಖ ನೋಡಲ್ಲ. ಅಮ್ಮನ ಮೇಲಾಣೆ...” ಅಷ್ಟರಲ್ಲಿ ಅವಳ ಬಾಯಿ ಮುಚ್ದೆ. “ಆಣೆ ಹಾಕ್ಬೇಡ. ಅವನಿಗೆ ಕೆಂಚಿನ ಹಿಡೀ ಅಂದಿದ್ದು ನಾನು ಕಣೇ” ಅಂದೆ.

ಅವಳು ನನ್ನ ಕೈ ತಳ್ಳಿದ್ಲು. “ರೀ, ಇದು ತಮಾಷೆ ಮಾಡೋ ಹೊತ್ತಾ?”

“ತಮಾಷೆ ಅಲ್ಲ ಮಂಜು. ನಾನೇ ಹೇಳಿದ್ದು.”

“ಅವನ್ನ ಕಾಪಾಡೋಕೆ ಹೇಳ್ತಿದೀರಾ. ನನಗೆ ಗೊತ್ತಾಗಲ್ವಾ?”

ನೋಡಿ ಅತ್ತೆಮ್ಮ. ಜೀವನದಲ್ಲಿ ಒಂದು ಸಲ ನಿಜ ಹೇಳೋಕೆ ಬಾಯಿ ಬಿಟ್ರೆ ಕಟ್ಕೊಂಡ ಹೆಂಡ್ತಿ ನಂಬ್ತಿಲ್ಲ. ಒಂದು ಕೈಯಲ್ಲಿ ಹೊಟ್ಟೆ ಹಿಡ್ಕೊಂಡು, ಇನ್ನೊಂದು ಕೈಯಲ್ಲಿ ನಾಗಂಗೆ ಫೋನ್ ಮಾಡಿ ಸ್ಪೀಕರ್ ಹಾಕ್ದೆ. “ನಾಗ, ತಿಥಿ ದಿನ ಟೆರೇಸಲ್ಲಿ ನಾನೇನಂದೆ? ಹೇಳು ನಿಮ್ಮಕ್ಕಂಗೆ.” ಆ ಕಡೆ ಹಸು ಕೂಗೋದು ಕೇಳಿಸ್ತು. “ಅದ್ಯಾಕ್ ಈಗ? ಬಿಡಿ ಭಾವ” ಅಂದ.

“ನಾಗ, ಇವರು ಹೇಳ್ತಿರೋದು ನಿಜಾನಾ?”

“ಅಕ್ಕಾ...” ಅಂದ. ಅಷ್ಟು ದಿನ ಆದ್ಮೇಲೆ ಅವಳ ದನಿ ಕೇಳಿದ್ದು ಅವನು. “ಭಾವ ತಮಾಷೆಗೆ ಅಂದ್ರು. ಆದ್ರೆ ಮೊಟ್ಟೆ ಕಂಡಿದ್ದು ನನಗೆ. ಸೂತಕ ಅಂತ ಹತ್ತು ದಿನದಿಂದ ಯಾರೂ ಗೂಡಿಗೆ ಕೈ ಹಾಕಿಲ್ಲ, ಇಟ್ಟಿದ್ದೆಲ್ಲ ಹಂಗೇ ಸೇರ್ಕೊಂಡಿದೆ ಅನ್ಕೊಂಡೆ. ಕಾವಿಗೆ ಕೂರ್ಸಿದ್ದು ಅಮ್ಮ ನಂಗೆ ಹೇಳಿರ್ಲಿಲ್ಲ.”

“ಅವತ್ತೇ ಯಾಕೋ ಹೇಳ್ಲಿಲ್ಲ, ಇವರು ಅಂದ್ರು ಅಂತ?”

“ನನ್ ಮೇಲೆ ಸಿಟ್ಟಾದ್ರೆ ನಾನು ಹೆಸರಘಟ್ಟದಲ್ಲಿರ್ತೀನಿ. ಭಾವನ ಮೇಲೆ ಸಿಟ್ಟಾದ್ರೆ ನೀನು ಒಬ್ಳೇ ಆಗ್ತೀಯಲ್ಲ ಅಕ್ಕ. ಅಮ್ಮಾನೂ ಇಲ್ಲ.”

ಮಂಜು ನನ್ನ ಮುಖ ನೋಡ್ಲಿಲ್ಲ. ಫೋನ್ ಹತ್ರ ಬಗ್ಗಿ, “ಒಂದು ಮರಿ ತಣ್ಣಗಾಗಿದೆ ಕಣೋ. ಏನ್ ಮಾಡ್ಲಿ?” ಅಂದ್ಲು. “ಬೆಲ್ಲದ ನೀರು ಬೆಚ್ಚಗೆ ಮಾಡಿ ಕೊಕ್ಕಿಗೆ ಒಂದೊಂದೇ ಹನಿ ಮುಟ್ಸು. ಮಿಕ್ಕಿದ್ದಕ್ಕೆ ಮಡಕೇಲಿ ಕೆಂಡ ಬೇಕು. ನಾನು ಬಂದೆ.” ಆಲಿಕಲ್ಲಲ್ಲೇ ಬಂದ. ಮಡಕೆ, ಇದ್ಲು ಕಟ್ಕೊಂಡು, ಚಳಿಗೆ ಹಲ್ಲು ಕಟಕಟ ಅನ್ಸ್ತಾ ಬಾಗ್ಲ ಹೊರಗೇ ನಿಂತಿದ್ದ. ಮೆಟ್ಲು ಹತ್ಬೇಡ ಅಂದಿದ್ಲಲ್ಲ. ಅವಳು ಕೈ ಹಿಡಿದು ಎಳ್ಕೊಂಡ್ಲು.

ಕೆಂಡದ ಬಿಸಿಗೆ ಏಳು ಮರಿ ಚೇತರಿಸ್ಕೊಂಡ್ವು. ನನ್ನ ಹೊಟ್ಟೆ ಮೇಲಿದ್ದು ಉಳೀಲಿಲ್ಲ. ಮಂಜು ಈ ಸಲ ಯಾರ ತಲೆ ಮೇಲೆ ಅಂತ ಹೇಳ್ಲಿಲ್ಲ. ಮರಿನ ಬಟ್ಟೇಲಿ ಸುತ್ತಿ ನನ್ನ ಕೈಗೆ ಕೊಟ್ಟು, “ನೀವೇ ಮಣ್ಣು ಮಾಡಿ” ಅಂದ್ಲು. ಅವತ್ತಿಂದ ಒಂಬತ್ತು ದಿನ ನನ್ ಜೊತೆ ಮಾತಿಲ್ಲ. ತಟ್ಟೆ ಇಡ್ತಿದ್ಲು, ಊಟಕ್ಕೆ ಬನ್ನಿ ಅನ್ತಿರ್ಲಿಲ್ಲ. ಫೋನಲ್ಲಿ ನಾಗನ ಜೊತೆ ಗಂಟೆಗಟ್ಲೆ ಮಾತು, ಮರಿಗೆ ರೆಕ್ಕೆ ಪುಕ್ಕ ಬಂತು, ರಾಗಿ ತಿಂತಾವೆ ಅಂತ. ನಾನು ಗೋಡೆ ಈ ಕಡೆ ಕೂತು ಕೇಳಿಸ್ಕೋತಿದ್ದೆ. ಒಂದು ಜೋಕೂ ಹೊಡೀಲಿಲ್ಲ. ಹೊಡ್ಯೋಣ ಅನ್ಸಿದ್ರೂ ಯಾರಿಗೆ ಹೊಡೀಲಿ?

ಹೋದ ಭಾನುವಾರ ಅವಳು ನಾಗನ್ನ ಊಟಕ್ಕೆ ಕರೆದಿದ್ಲು, ಅವತ್ತು ಎಲೆ ಬಿಟ್ಟು ಎದ್ದಿದ್ನಲ್ಲ. ಸೊಪ್ಪಿನ ಬಸ್ಸಾರು, ಮುದ್ದೆ. ದೊಡ್ಡಮಾವನ್ನ ಕರೆದಿದ್ದು ನಾನು. ಪಾಪ ಕಟ್ಕೊಂಡೆ ಅಂತ ಅವತ್ತು ಅಂದೋರು, ನಾಲ್ಕು ಮನೆಗೆ ಸುದ್ದಿ ಮುಟ್ಸಿದ್ದೂ ಅವರೇ. ಎಲ್ಲಾ ಕೂತ್ಮೇಲೆ ನಾನು ಎದ್ದು ನಿಂತೆ. “ದೊಡ್ಡಮಾವ, ಅವತ್ತು ಆ ಕೋಳಿ ಹಿಡಿ ಅಂತ ಹೇಳಿದ್ದು ನಾನು. ನಾಗ ನನ್ನ ಹೆಸರು ಹೇಳ್ದೆ ಬೈಸ್ಕೊಂಡ. ನಾನು ಸುಮ್ನೆ ಕೂತು ಸಾರು ತಿಂದೆ” ಅಂದೆ. ಅವರು ಹೊಟ್ಟೆ ಅಲ್ಲಾಡಿಸ್ಕೊಂಡು ನಕ್ಕರು ಅತ್ತೆಮ್ಮ. “ಏನ್ ಕುಮಾರ ನೀನು, ಊಟಕ್ ಕರೆದು ನಾಟಕ ತೋರಿಸ್ತೀಯಾ!” ಅಂತ. ನಾನು ನಗ್ಲಿಲ್ಲ. ನಿಂತೇ ಇದ್ದೆ. ಇನ್ನೂ ನಕ್ಕರು. ನಾನು ನಿಂತೇ ಇದ್ದೆ. ಆಮೇಲೆ ಅವರ ನಗು ಅಲ್ಲೇ ನಿಂತೋಯ್ತು. ನಾಗನ ಕಡೆ ನೋಡಿದ್ರು. ಮುದ್ದೆ ಮುರಿಯೋ ಕೈ ತಟ್ಟೇಲೇ ಬಿಟ್ಟು, “ಅಯ್ಯೋ ಮಗಾ, ನಾನು ಊರೆಲ್ಲ ಹೇಳ್ಬಿಟ್ನಲ್ಲೋ” ಅಂದ್ರು. “ಹಂಗಾದ್ರೆ ಊರೆಲ್ಲ ವಾಪಸ್ ಹೇಳಿ ದೊಡ್ಡಪ್ಪ” ಅಂದ ನಾಗ. ಈ ಮನೇಲಿ ಮೊದಲ್ನೇ ಸಲ ಅವನ ಜೋಕಿಗೆ ಎಲ್ಲಾ ನಕ್ಕಿದ್ದು.

ನಾನು ಕೂತೆ. ಮಂಜು ಬಡಿಸ್ತಾ ಬಂದ್ಲು, ದೊಡ್ಡಮಾವಂಗೆ, ನಾಗಂಗೆ. ನನ್ನ ತಟ್ಟೆ ಮುಂದೆ ನಿಂತ್ಕೊಂಡ್ಲು. ನಾನು ತಲೆ ಎತ್ಲಿಲ್ಲ.

“ಇನ್ನೊಂದು ಮುದ್ದೆ ಹಾಕ್ಲಾ?” ಅಂದ್ಲು.

ಮಾತಾಡಿದ್ಲು, ಅತ್ತೆಮ್ಮ.